ಚಕ್ರ ಇಳಿಯದಿದ್ದರೆ ಎಲ್ಲ ಮುಗಿದ ಹಾಗೇನಾ?

ಪ್ರಶ್ನೆ: ನಾವು ವಿರಾಜಪೇಟೆ ಹತ್ತಿರದವರು, ಸಣ್ಣ ಕಾಫಿ ತೋಟ ಇದೆ. ಮಗಳು ಅಳಿಯ ದುಬೈನಲ್ಲಿದ್ದಾರೆ. ಹೋದ ವರ್ಷ ಬಾಣಂತನಕ್ಕೆಂದು ನಾನು, ಯಜಮಾನರು ಹೊರಟಿದ್ದೆವು. ವಿಮಾನ ಏರಿ ಹತ್ತು ನಿಮಿಷ ಆಗಿರಬಹುದು, ಕಾಲ ಕೆಳಗೆ ಏನೋ ದಡಬಡ ಸದ್ದು. ಆಮೇಲೆ ಚಕ್ರದಲ್ಲಿ ತೊಂದರೆ ಇದೆ, ವಾಪಸ್ ಹೋಗುತ್ತೇವೆ ಎಂದರು. ಆದರೆ ಇಳಿಸಲಿಲ್ಲ. ಒಂದು ಗಂಟೆ ಇಪ್ಪತ್ತು ನಿಮಿಷ ಸುತ್ತು ಹೊಡೆಸಿದರು. ಇಳಿಯುವ ಮೊದಲು ಲೈಟ್ ಆರಿಸಿ, ತಲೆ ಬಗ್ಗಿಸಿ ಕೂರಲು ಹೇಳಿದರು. ಕೊನೆಗೆ ಏನೂ ಆಗದೆ ಇಳಿಯಿತು, ಸುತ್ತ ಅಗ್ನಿಶಾಮಕ ವಾಹನಗಳು. ವಿಮಾನ ನಿಂತ ತಕ್ಷಣ ನಾನು ಮೇಲಿಟ್ಟ ಬ್ಯಾಗ್ ತೆಗೆಯಲು ಎದ್ದೆ. ಪಾಸ್‌ಪೋರ್ಟ್, ಮಗುವಿಗೆ ಮಾಡಿಸಿದ ಚಿನ್ನ ಎಲ್ಲ ಅದರಲ್ಲೇ ಇತ್ತು. ಗಗನಸಖಿ ಎಲ್ಲರ ಎದುರು ನನ್ನ ಮೇಲೆ ಕಿರುಚಿದಳು. ಇವತ್ತಿಗೂ ಆ ಸದ್ದು ನೆನಪಾದರೆ ನಿದ್ದೆ ಬರುವುದಿಲ್ಲ. ಈ ಸಲ ಕಾಫಿ ಕೊಯ್ಲು ಮುಗಿದ ಮೇಲೆ 76 ವರ್ಷದ ಅತ್ತೆಯನ್ನೂ ಕರೆದುಕೊಂಡು ಹೋಗಬೇಕು. ಬರುವಾಗ ಮಗಳು ಹದಿನಾಲ್ಕು ತಿಂಗಳ ಮಗುವಿನ ಜೊತೆ ಬರುತ್ತಾಳೆ. ಕಣ್ಣೂರು, ಮಂಗಳೂರು ಎರಡೂ ಗುಡ್ಡದ ಮೇಲಿನ ರನ್‌ವೇ, ಬೆಂಗಳೂರಿಗೇ ಹೋಗಿ ಎನ್ನುತ್ತಾರೆ. ಹಿಂದಿನ ಸೀಟು ಕೇಳಿ ಎನ್ನುತ್ತಾರೆ. ತಲೆ ಬಗ್ಗಿಸಲು ಹೇಳುವುದು ಸತ್ತ ಮೇಲೆ ಹಲ್ಲಿನ ಗುರುತು ಸಿಗಲಿ ಅಂತ ಎಂದು ನೆಂಟರೊಬ್ಬರು ಹೇಳಿದರು. ಇದರಲ್ಲಿ ಯಾವುದು ನಿಜ?

ಉತ್ತರ: ನೀವು ಕೇಳಿರುವುದು ನಾಲ್ಕೈದು ಪ್ರಶ್ನೆ. ಆದರೆ ಎಲ್ಲದರ ಅಡಿಯಲ್ಲಿ ಇರುವುದು ಒಂದೇ, ಅಲ್ವಾ? ಅವತ್ತು ನಾವು ಸಾವಿನ ಬಾಯಿಗೆ ಹೋಗಿ ಬಂದೆವಾ ಅಂತ.

ನಾನು ವಾಯುಪಡೆಯಲ್ಲಿ ಹನ್ನೊಂದು ವರ್ಷ ಸಾಗಣೆ ವಿಮಾನ, ಆಮೇಲೆ ಇಪ್ಪತ್ತು ವರ್ಷ ಪ್ರಯಾಣಿಕರ ವಿಮಾನ ಹಾರಿಸಿದವನು. ಈಗ ಅಮ್ಮತ್ತಿ ಕಡೆ ಕರಿಮೆಣಸಿನ ಬಳ್ಳಿ ನೋಡಿಕೊಂಡಿದ್ದೇನೆ. ನೀವು ಬರೆದಿರುವುದನ್ನು ಎರಡು ಸಲ ಓದಿದೆ. ಆ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ನಿಮ್ಮ ಜೀವಕ್ಕೆ ಅಂಥ ಅಪಾಯ ಇರಲಿಲ್ಲ. ನಿಮಗೆ ಭಯ ಆಗಿದ್ದು ಆ ಹೊತ್ತಿನಲ್ಲಿ, ಸರಿ. ಆದರೆ ನನಗೆ ಪತ್ರ ಓದುವಾಗ ಎದೆ ಧಸಕ್ ಅಂದಿದ್ದು ಬೇರೆ ಕಡೆ. ವಿಮಾನ ನಿಂತ ಮೇಲೆ ನೀವು ಬ್ಯಾಗಿಗೆ ಎದ್ದಿರಲ್ಲ, ಅಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಚಕ್ರದ ವಿಷಯ. ವಿಮಾನದ ಚಕ್ರ ಮೇಲೆ ಎಳೆದುಕೊಳ್ಳಲು ಶಕ್ತಿ ಬೇಕು, ಅದನ್ನು ಹೈಡ್ರಾಲಿಕ್ ಎಣ್ಣೆಯ ಒತ್ತಡ ಕೊಡುತ್ತದೆ. ಕೆಳಗೆ ಬೀಳಲು ಶಕ್ತಿ ಬೇಡ. ಗಲ್ಫ್‌ಗೆ ಹೋಗುವ ಬೋಯಿಂಗ್ 737 ಇದೆಯಲ್ಲ, ಅದರ ಕಾಕ್‌ಪಿಟ್ ನೆಲದಲ್ಲಿ ಒಂದು ಸಣ್ಣ ಮುಚ್ಚಳ. ತೆಗೆದರೆ ಮೂರು ಹಿಡಿ. ಒಂದೊಂದನ್ನು ಎಳೆದರೆ ಒಂದೊಂದು ಚಕ್ರದ ಕೊಂಡಿ ಕಳಚುತ್ತದೆ, ಚಕ್ರ ತನ್ನ ಭಾರಕ್ಕೆ ತಾನೇ ಬಿದ್ದು ಕೂರುತ್ತದೆ. ಪಿಕಪ್‌ನ ಹಿಂದಿನ ಹಲಗೆಯ ಚಿಲಕ ತೆಗೆದ ಹಾಗೆ. ಎಣ್ಣೆ ಪೂರ್ತಿ ಸೋರಿಹೋಗಿದ್ದರೂ ಇದು ಕೆಲಸ ಮಾಡುತ್ತದೆ.

ಅದೂ ಕೆಲಸ ಮಾಡದಿದ್ದರೆ? ಹೊಟ್ಟೆಯ ಮೇಲೆ ಇಳಿಸಬೇಕು. ಕೇಳಲು ಭಯಂಕರ. ಆದರೆ 2011ರ ನವೆಂಬರ್ 1ರಂದು ಪೋಲೆಂಡಿನ ವಾರ್ಸಾದಲ್ಲಿ ಒಂದು ಬೋಯಿಂಗ್ 767 ಹಾಗೆಯೇ ಇಳಿಯಿತು. ಮೂರೂ ಚಕ್ರ ಇಳಿದಿರಲಿಲ್ಲ. ಒಳಗೆ 231 ಜನ. ಕಿಡಿ ಹಾರಿಸಿಕೊಂಡು ಜಾರಿ ನಿಂತಿತು, ಎಲ್ಲರೂ ನಡೆದುಕೊಂಡು ಹೊರಬಂದರು. ತನಿಖೆ ಮಾಡಿದಾಗ ಸಿಕ್ಕಿದ್ದು ಏನು ಗೊತ್ತಾ? ಹೈಡ್ರಾಲಿಕ್ ಎಣ್ಣೆ ಸೋರಿತ್ತು, ಅದು ಒಂದು. ಬದಲಿ ವ್ಯವಸ್ಥೆಗೆ ಕರೆಂಟ್ ಕೊಡುವ ಒಂದು ಪುಟ್ಟ ಬ್ರೇಕರ್ ಗುಂಡಿ ಹೊರಗೆ ಎದ್ದು ಕೂತಿತ್ತು, ಅದು ಇನ್ನೊಂದು. ಮನೆಯ ಎಂಸಿಬಿ ಬಿದ್ದ ಹಾಗೆ. ವಿಮಾನವನ್ನು ಎತ್ತಿ ನಿಲ್ಲಿಸಿ ಗುಂಡಿ ಒತ್ತಿದರೆ ಚಕ್ರಗಳು ಇಳಿದವು.

ಹಾಗಿದ್ದರೆ ಅಷ್ಟು ಹೊತ್ತು ಸುತ್ತು ಹೊಡೆಸಿದ್ದೇಕೆ? ಎರಡು ಕಾರಣ. ಒಂದು, ಭಾರ. ನಿಮ್ಮ ವಿಮಾನ ದುಬೈವರೆಗಿನ ಇಂಧನ ತುಂಬಿಕೊಂಡು ಎದ್ದಿತ್ತು. 737-800 ಸುಮಾರು 79 ಟನ್ ಭಾರದವರೆಗೆ ಏರಬಹುದು, ಇಳಿಯುವಾಗ ಸುಮಾರು 66 ಟನ್ ಒಳಗೆ ಇರಬೇಕು. ಹದಿಮೂರು ಟನ್ ವ್ಯತ್ಯಾಸ. ಕಾಫಿ ಮೂಟೆ ತುಂಬಿದ ಪಿಕಪ್ಪನ್ನು ಪೆರುಂಬಾಡಿಯಿಂದ ಮಾಕುಟ್ಟದ ಕಡೆ ಘಾಟಿಯಲ್ಲಿ ಇಳಿಸುವವರನ್ನು ಕೇಳಿ. ಖಾಲಿ ಗಾಡಿ ನಿಲ್ಲುವ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಬ್ರೇಕ್ ಮೇಲೇ ಅನುಮಾನ ಇದ್ದರಂತೂ ಮೂಟೆ ಇಳಿಸಿಯೇ ಹೋಗುತ್ತಾರೆ. 777, 747ರಂಥ ದೊಡ್ಡ ವಿಮಾನಗಳು ಗಾಳಿಯಲ್ಲೇ ಇಂಧನ ಸುರಿಯಬಲ್ಲವು. 737, ಎ320ಯಂಥವಕ್ಕೆ ಆ ಸೌಲಭ್ಯ ಇಲ್ಲ. ಸುತ್ತು ಹೊಡೆದು ಸುಡಬೇಕು, ಗಂಟೆಗೆ ಹೆಚ್ಚೂಕಡಿಮೆ ಎರಡೂವರೆ ಟನ್.

2024ರ ಅಕ್ಟೋಬರ್ 11ರ ಸಂಜೆ ನೆನಪಿದೆಯಾ? ತಿರುಚಿರಾಪಳ್ಳಿಯಿಂದ ಶಾರ್ಜಾಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಕ್ಕೆ ಹೈಡ್ರಾಲಿಕ್ ತೊಂದರೆ ಆಯಿತು. 141 ಜನರಿದ್ದರು. ಎರಡು ಗಂಟೆಗೂ ಜಾಸ್ತಿ ಹೊತ್ತು ಸುತ್ತಿ ಸುರಕ್ಷಿತವಾಗಿ ಇಳಿಯಿತು. ಟಿವಿಯವರು ‘ಫುಲ್ ಎಮರ್ಜೆನ್ಸಿ’ ಅಂತ ಕೆಂಪು ಪಟ್ಟಿ ಓಡಿಸಿ ಇಡೀ ದೇಶವನ್ನು ಸೋಫಾ ತುದಿಗೆ ಕೂರಿಸಿದರು. ಫುಲ್ ಎಮರ್ಜೆನ್ಸಿ ಅಂದರೆ ನಿಲ್ದಾಣದವರ ಭಾಷೆಯಲ್ಲಿ ಒಂದು ಮಟ್ಟ, ಅಷ್ಟೇ. ಅಗ್ನಿಶಾಮಕ ವಾಹನ, ಆಂಬ್ಯುಲೆನ್ಸ್, ಊರಿನ ಆಸ್ಪತ್ರೆ ಎಲ್ಲ ಮೊದಲೇ ತಯಾರಾಗಿ ನಿಲ್ಲಿ ಎಂಬ ಸೂಚನೆ. ನೀವು ಕಿಟಕಿಯಲ್ಲಿ ನೋಡಿದ ಗಾಡಿಗಳು ಅದಕ್ಕೇ ಬಂದವು.

ಎರಡನೇ ಕಾರಣ ಭಾರಕ್ಕಿಂತ ಮುಖ್ಯ: ಸಮಯ ಬೇಕು. ನನಗೇ ಒಂದು ರಾತ್ರಿ ಆಗಿದೆ. ಇಳಿಯಲು ಚಕ್ರ ಬಿಟ್ಟೆವು. ಚಕ್ರ ಕೂತು ಲಾಕ್ ಆದರೆ ಮುಂದೆ ಮೂರು ಹಸಿರು ದೀಪ ಹತ್ತಬೇಕು. ಎರಡು ಹತ್ತಿತು. ಮೂಗಿನ ಚಕ್ರದ್ದು ಹತ್ತಲಿಲ್ಲ. ಮೇಲೆ ಹೋಗಿ ನಲವತ್ತು ನಿಮಿಷ ಸುತ್ತಿದೆವು. ಜೊತೆಗಿದ್ದ ಹುಡುಗನಿಗೆ ಹೇಳಿದೆ, ನೀನು ವಿಮಾನ ಹಾರಿಸು, ಬೇರೆ ಏನೂ ನೋಡಬೇಡ, ದೀಪದ ಕಡೆ ನಾನು ನೋಡುತ್ತೇನೆ. ಚೆಕ್‌ಲಿಸ್ಟ್ ಒಂದೊಂದೇ ಸಾಲು ಓದಿದೆವು. ಕೊನೆಗೆ ನೋಡಿದರೆ ಚಕ್ರ ಸರಿಯಾಗೇ ಇತ್ತು, ಬಲ್ಬ್ ಹೋಗಿತ್ತು! ಹಿಂದೆ ಕೂತವರು ಆ ನಲವತ್ತು ನಿಮಿಷ ಏನೇನು ಹರಕೆ ಹೊತ್ತರೋ.

ಹಾಗೆ ಕೆಲಸ ಹಂಚಿಕೊಳ್ಳುವುದಕ್ಕೂ ಒಂದು ಕತೆ ಇದೆ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಿಯಾಮಿ ಹತ್ತಿರ ಈಸ್ಟರ್ನ್ ಏರ್‌ಲೈನ್ಸ್‌ನ ವಿಮಾನವೊಂದರಲ್ಲಿ ಇದೇ ರೀತಿ ಮೂಗಿನ ಚಕ್ರದ ದೀಪ ಹತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ಬಲ್ಬಿನ ಹಿಂದೆ ಬಿದ್ದರು. ವಿಮಾನ ಮೆಲ್ಲಗೆ ಕೆಳಗಿಳಿಯುತ್ತಿದ್ದುದನ್ನು ಯಾರೂ ನೋಡಲಿಲ್ಲ. ಜೌಗಿಗೆ ಬಿತ್ತು. 176ರಲ್ಲಿ 101 ಜನ ಸತ್ತರು. ಅಲ್ಲೂ ಬಲ್ಬೇ ಸುಟ್ಟಿತ್ತು. ಇವತ್ತು ಪೈಲಟ್‌ಗಳಿಗೆ ಗಡಿಬಿಡಿ ಮಾಡಬೇಡ, ಒಬ್ಬ ಹಾರಿಸು ಒಬ್ಬ ನೋಡು ಎಂದು ತಲೆಗೆ ಕುಟ್ಟಿ ಕಲಿಸುವುದು ಇಂಥ ರಾತ್ರಿಗಳಿಂದ. ನಿಮ್ಮ ಪೈಲಟ್ ನಿಮ್ಮನ್ನು ಸುಮ್ನೆ ಗಾಳಿಯಲ್ಲಿ ತೂಗಾಡಿಸಲಿಲ್ಲ.

ಗಡಿಬಿಡಿಯ ಇನ್ನೊಂದು ಉದಾಹರಣೆ 2019ರ ಮೇ 5ರದ್ದು. ಮಾಸ್ಕೋದಿಂದ ಹೊರಟ ಏರೋಫ್ಲಾಟ್‌ನ ಸುಖೋಯ್ ಸೂಪರ್‌ಜೆಟ್‌ಗೆ ಸಿಡಿಲು ಬಡಿಯಿತು. ರೇಡಿಯೋ, ನಿಯಂತ್ರಣದಲ್ಲಿ ತೊಂದರೆ ಬಂತು. ಅರ್ಧ ಗಂಟೆಯೊಳಗೆ ವಾಪಸ್ ಬಂದರು, ಭಾರ ಇನ್ನೂ ಮಿತಿಗಿಂತ ಮೇಲಿತ್ತು. ಭಾರ ಒಂದರಿಂದಲೇ ಅನಾಹುತ ಆಗಲಿಲ್ಲ. ನೆಲ ಮುಟ್ಟಿ ವಿಮಾನ ಪುಟಿಯಿತು, ಮತ್ತೆ ಪುಟಿಯಿತು, ಪುಟಿದು ಬಿದ್ದ ಪೆಟ್ಟಿಗೆ ಚಕ್ರದ ಕಾಲುಗಳು ಮುರಿದು ಇಂಧನದ ತೊಟ್ಟಿ ಒಡೆಯಿತು. ಹಿಂಬದಿ ಪೂರ್ತಿ ಬೆಂಕಿ. 78 ಜನರಲ್ಲಿ 41 ಮಂದಿ ಹೋದರು.

ಕಾಯುವುದು ತಪ್ಪಾಗುವ ಸಂದರ್ಭವೂ ಇದೆ. ಮುಖ್ಯವಾಗಿ ಒಳಗೆ ಹೊಗೆ ಅಥವಾ ಬೆಂಕಿ ಇದ್ದಾಗ. ಆಗ ಭಾರ ಗೀರ ನೋಡುವ ಹಾಗಿಲ್ಲ, ಸಿಕ್ಕ ರನ್‌ವೇಗೆ ಇಳಿಸಬೇಕು. ನಿಮ್ಮದರಲ್ಲಿ ಅದು ಇರಲಿಲ್ಲ.

ಲೈಟ್ ಆರಿಸಿದ್ದಕ್ಕೆ ಬಹಳ ಸರಳ ಕಾರಣ. ತೋಟದಲ್ಲಿ ರಾತ್ರಿ ಕರೆಂಟ್ ಹೋದಾಗ ಮೊದಲ ಒಂದು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಅಂಗಳ, ಕಣ, ಮರ ಎಲ್ಲ ನಿಧಾನ ಕಾಣುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ, ಬಾಗಿಲು ಹುಡುಕಲು ಸುಲಭ ಆಗಲಿ ಎಂದು ದೀಪ ಕಡಿಮೆ ಮಾಡುತ್ತಾರೆ. ಕಿಟಕಿಯ ಪರದೆ ಎತ್ತಿಸುವುದು ಯಾವ ಕಡೆ ಬೆಂಕಿ ಇದೆ ಎಂದು ಒಳಗಿನಿಂದ ಕಾಣಲಿ ಎಂದು. ಬೆಂಕಿ ಇರುವ ಕಡೆ ಬಾಗಿಲು ತೆರೆಯಬಾರದಲ್ಲ.

ತಲೆ ಬಗ್ಗಿಸುವ ವಿಷಯ ಹೇಳಿದ ನೆಂಟರಿಗೆ ನನ್ನ ನಮಸ್ಕಾರ ತಿಳಿಸಿ, ಆದರೆ ಅದು ಶುದ್ಧ ಸುಳ್ಳು. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್ವರ್ತ್ ಎಂಬ ಊರಿನ ಹತ್ತಿರ ಒಂದು 737 ತುರ್ತಾಗಿ ಇಳಿಯಲು ಹೋಗಿ ರನ್‌ವೇಗೆ ಸ್ವಲ್ಪ ಮೊದಲೇ ನೆಲಕ್ಕೆ ಅಪ್ಪಳಿಸಿತು. ಎಡ ಎಂಜಿನ್ ಕೆಟ್ಟಿತ್ತು, ಪೈಲಟ್‌ಗಳು ತಪ್ಪಿ ಚೆನ್ನಾಗಿದ್ದ ಬಲ ಎಂಜಿನ್ ಆರಿಸಿದ್ದರು. 126ರಲ್ಲಿ 47 ಜನ ಸತ್ತರು. ಬದುಕಿದವರ ತಲೆ, ಕಾಲುಗಳಿಗೆ ಎಂಥ ಪೆಟ್ಟು ಬಿದ್ದಿದೆ ಎಂದು ವೈದ್ಯರು ಒಬ್ಬೊಬ್ಬರನ್ನೇ ನೋಡಿದರು. ಆ ಅಧ್ಯಯನದಿಂದಲೇ ಈಗಿನ ಭಂಗಿ ತಿದ್ದುಪಡಿಯಾಗಿ ಬಂದಿದ್ದು. ಮುಂದೆ ಎಸೆದುಕೊಂಡು ಹೋಗುವ ತಲೆ ಮೊದಲೇ ಮುಂದಿನ ಸೀಟಿಗೆ ಒರಗಿದ್ದರೆ ಪೆಟ್ಟು ಕಮ್ಮಿ. ಪಾದ ನೆಲಕ್ಕೆ ಗಟ್ಟಿಯಾಗಿ ಊರಿ, ಮೊಣಕಾಲಿಗಿಂತ ಸ್ವಲ್ಪ ಹಿಂದೆ ಇದ್ದರೆ ಕಾಲು ಮುಂದಿನ ಸೀಟಿನ ಕೆಳಗೆ ಹೋಗಿ ಮುರಿಯುವುದಿಲ್ಲ. ಕಾಲು ಯಾಕೆ ಅಷ್ಟು ಮುಖ್ಯ ಅಂದರೆ, ಆಮೇಲೆ ಎದ್ದು ಓಡಬೇಕು.

ಈಗ ನಿಮ್ಮ ಬ್ಯಾಗಿಗೆ ಬಂದೆ.

ವಿಮಾನ ಅಪಘಾತ ಅಂದರೆ ಎಲ್ಲರೂ ಸಾಯುತ್ತಾರೆ ಎಂದು ನಾವು ನಂಬಿದ್ದೇವೆ. ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ 1983ರಿಂದ 2000ದವರೆಗೆ ತನ್ನ ದೇಶದ ವಿಮಾನ ಕಂಪನಿಗಳಿಗೆ ಆದ 568 ಅಪಘಾತ ತೆಗೆದುಕೊಂಡು ಲೆಕ್ಕ ಹಾಕಿತು. ಅವುಗಳಲ್ಲಿ ಇದ್ದವರು 53,487 ಜನ. ಬದುಕಿದವರು 51,207. ನೂರಕ್ಕೆ ತೊಂಬತ್ತೈದಕ್ಕಿಂತ ಜಾಸ್ತಿ. ಎಷ್ಟೋ ಅಪಘಾತಗಳಲ್ಲಿ ನೆಲಕ್ಕೆ ಬಿದ್ದ ಪೆಟ್ಟು ಕೊಲ್ಲುವುದಿಲ್ಲ. ಆಮೇಲಿನ ಹೊಗೆ ಕೊಲ್ಲುತ್ತದೆ. ಹೊರಬರಲು ಸಿಗುವ ಸಮಯ ಒಂದೂವರೆ ಎರಡು ನಿಮಿಷ.

1983ರ ಜೂನ್ 2ರಂದು ಏರ್ ಕೆನಡಾದ ಡಿಸಿ-9 ಒಂದರಲ್ಲಿ ಶೌಚಾಲಯದ ಕಡೆಯಿಂದ ಹೊಗೆ ಬಂತು. ಸಿನ್ಸಿನಾಟಿಯಲ್ಲಿ ಪೈಲಟ್ ಚೆನ್ನಾಗೇ ಇಳಿಸಿದರು. ಬಾಗಿಲು ತೆರೆದರು. ಬಾಗಿಲು ತೆರೆದಾಗ ಒಳಗೆ ಗಾಳಿ ಹೋಯಿತು, ಅರುವತ್ತರಿಂದ ತೊಂಬತ್ತು ಸೆಕೆಂಡಿನಲ್ಲಿ ಇಡೀ ಒಳಭಾಗ ಒಮ್ಮೆಗೇ ಹೊತ್ತಿಕೊಂಡಿತು. 46 ಜನರಲ್ಲಿ 23 ಮಂದಿ ಹೊರಬರಲಿಲ್ಲ. ಇವತ್ತು ವಿಮಾನದ ನಡುದಾರಿಯ ನೆಲದಲ್ಲಿ ಬೆಳಕಿನ ಗೆರೆ, ಶೌಚಾಲಯದಲ್ಲಿ ಹೊಗೆ ಪತ್ತೆ ಮಾಡುವ ಸಾಧನ ಇದೆಯಲ್ಲ, ಅದಕ್ಕೆ ದೊಡ್ಡ ಕಾರಣ ಆ ಘಟನೆ. ಅದಕ್ಕಿಂತ ಮೂರು ವರ್ಷ ಮೊದಲು, 1980ರ ಆಗಸ್ಟ್ 19ರಂದು ರಿಯಾದ್‌ನಲ್ಲಿ ಸೌದಿಯಾದ ಒಂದು ವಿಮಾನ ಒಳಗೆ ಬೆಂಕಿ ಇಟ್ಟುಕೊಂಡೇ ಸುರಕ್ಷಿತವಾಗಿ ಇಳಿದಿತ್ತು. ತಕ್ಷಣ ಬಾಗಿಲು ತೆರೆಯಲಿಲ್ಲ. 301 ಜನ, ಒಬ್ಬರೂ ಉಳಿಯಲಿಲ್ಲ. ಇಳಿದ ಮೇಲೆ!

ಇದರ ಎದುರಿಗೆ 2024ರ ಜನವರಿ 2 ಇಡಿ. ಟೋಕಿಯೊದ ಹನೇದಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ಇಳಿಯುವಾಗ ರನ್‌ವೇ ಮೇಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಗುದ್ದಿತು. ಆ ಚಿಕ್ಕ ವಿಮಾನದ ಆರರಲ್ಲಿ ಐವರು ಸತ್ತರು. ದೊಡ್ಡದರಲ್ಲಿ 379 ಜನ. ಬೆಂಕಿ ಹತ್ತಿತ್ತು, ಒಳಗಿನ ಮೈಕ್ ಕೆಲಸ ಮಾಡುತ್ತಿರಲಿಲ್ಲ, ಎಂಟು ಬಾಗಿಲುಗಳಲ್ಲಿ ಮೂರೇ ಬಳಸಲು ಆಗಿದ್ದು. ಸಿಬ್ಬಂದಿ ಬರೀ ಗಂಟಲಲ್ಲಿ, ಕೈ ಮೈಕಿನಲ್ಲಿ ಕೂಗಿದರು. ಎಲ್ಲರೂ ಹೊರಬಂದರು. ಹೊರಗೆ ನಿಂತವರ ಚಿತ್ರ ನೋಡಿ, ಕೈಯಲ್ಲಿ ಬ್ಯಾಗ್ ಇಲ್ಲ.

ನಮ್ಮ ಪಕ್ಕದವರ ಕತೆ ಬೇರೆ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ಎಮಿರೇಟ್ಸ್ ವಿಮಾನ ದುಬೈನಲ್ಲಿ ಹೊಟ್ಟೆಯ ಮೇಲೆ ಬಿತ್ತು. ಒಳಗೆ ಯಾರೋ ತೆಗೆದ ವಿಡಿಯೊದಲ್ಲಿ ಹೊಗೆ ತುಂಬುತ್ತಿದೆ, ಜನ ಮೇಲಿನ ಗೂಡು ತೆರೆದು ಲ್ಯಾಪ್‌ಟಾಪ್ ಹುಡುಕುತ್ತಿದ್ದಾರೆ. 300 ಜನವೂ ಬದುಕಿದರು. ಕೆಲವೇ ನಿಮಿಷದಲ್ಲಿ ಇಂಧನದ ತೊಟ್ಟಿ ಸಿಡಿಯಿತು, ಬೆಂಕಿ ಆರಿಸಲು ಬಂದಿದ್ದ ಒಬ್ಬ ಸಿಬ್ಬಂದಿ ಸತ್ತ.

ಹೊಸ ಮಾದರಿಯ ವಿಮಾನಕ್ಕೆ ಪರವಾನಗಿ ಕೊಡುವ ಮೊದಲು ಒಂದು ಪರೀಕ್ಷೆ ಇರುತ್ತದೆ. ಕತ್ತಲಲ್ಲಿ, ಅರ್ಧ ಬಾಗಿಲು ಮಾತ್ರ ತೆರೆದು, ತುಂಬಿದ ವಿಮಾನ 90 ಸೆಕೆಂಡಿನಲ್ಲಿ ಖಾಲಿ ಆಗಬೇಕು. ಆ ಲೆಕ್ಕದಲ್ಲಿ ಮಗುವಿನ ಚಿನ್ನದ ಬ್ಯಾಗಿಗೆ ಜಾಗ ಇಲ್ಲ. ನೀವು ನಡುದಾರಿಯಲ್ಲಿ ಕೈ ಮೇಲೆತ್ತಿ ಐದು ಸೆಕೆಂಡ್ ನಿಂತರೆ ಹಿಂದಿರುವ ಮೂವತ್ತು ಸಾಲು ಐದು ಸೆಕೆಂಡ್ ನಿಲ್ಲುತ್ತದೆ. ಅವತ್ತು ಬೆಂಕಿ ಇರಲಿಲ್ಲ ಎಂದು ನಿಮಗೆ ಈಗ ಗೊತ್ತು. ಆ ಕ್ಷಣದಲ್ಲಿ ಆ ಹುಡುಗಿಗೆ ಗೊತ್ತಿರಲಿಲ್ಲ. ಬಿಸಿಯಾದ ಬ್ರೇಕ್‌ನಿಂದ ಬೆಂಕಿ ಏಳಬಹುದು ಎಂದು ಅವಳು ಕಾಯುತ್ತಿದ್ದಳು. ಕಿರುಚುವುದನ್ನೂ ನಾವು ಅವರಿಗೆ ತರಬೇತಿಯಲ್ಲಿ ಕಲಿಸುತ್ತೇವೆ, ಮೆಲ್ಲಗೆ ಹೇಳಿದರೆ ಯಾರೂ ಕೇಳುವುದಿಲ್ಲ. ನಿಮಗೆ ಅವಮಾನ ಆಯಿತು, ಗೊತ್ತು. ಅದನ್ನು ಅಲ್ಲಿಗೆ ಬಿಟ್ಟುಬಿಡಿ.

ಇದಕ್ಕೆ ಒಂದು ಸುಲಭ ಉಪಾಯ ಇದೆ. ತೆಳ್ಳನೆಯ ಬಟ್ಟೆಯ ಚೀಲ, ಕುತ್ತಿಗೆಗೋ ಸೊಂಟಕ್ಕೋ ಕಟ್ಟಿಕೊಳ್ಳುವಂಥದ್ದು. ಪಾಸ್‌ಪೋರ್ಟ್, ಅತ್ತೆಯ ಮಾತ್ರೆ, ಫೋನ್, ಬೇಕಾದರೆ ಆ ಚಿನ್ನ, ಅಷ್ಟೇ ಅದರಲ್ಲಿ. ಏರುವಾಗ, ಇಳಿಯುವಾಗ ಮೈಮೇಲೆ ಇರಲಿ. ಮೇಲಿನ ಗೂಡಿನಲ್ಲಿ ಹೋದರೆ ಹೋಗಲಿ ಅನ್ನುವಂಥದ್ದು ಮಾತ್ರ ಇಡಿ. (ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಹುಳಿ ರಸದ ಬಾಟಲಿಯನ್ನು ಕೈಚೀಲದಲ್ಲಿ ಹಾಕಬೇಡಿ, ಅದು ಭದ್ರತಾ ತಪಾಸಣೆಯಲ್ಲೇ ಹೋಗುತ್ತದೆ. ನನ್ನದು ಎರಡು ಬಾಟಲಿ ಹಾಗೆ ಹೋಗಿದೆ.)

ಗುಡ್ಡದ ಮೇಲಿನ ರನ್‌ವೇ ಬಗ್ಗೆ. ನಮ್ಮ ಭಾಗದವರಿಗೆ 2010ರ ಮೇ 22 ಮರೆಯುವ ದಿನ ಅಲ್ಲ. ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 166ರಲ್ಲಿ 158 ಜನ ಹೋದರು, ಎಂಟು ಜನ ಉಳಿದರು. ಅದು ಎಮರ್ಜೆನ್ಸಿ ಲ್ಯಾಂಡಿಂಗ್ ಆಗಿರಲಿಲ್ಲ, ವಿಮಾನಕ್ಕೆ ಏನೂ ಆಗಿರಲಿಲ್ಲ. ಕ್ಯಾಪ್ಟನ್ ಹಾದಿಯುದ್ದಕ್ಕೂ ಬಹಳ ಹೊತ್ತು ನಿದ್ದೆ ಮಾಡಿದ್ದರು. ತುಂಬ ಎತ್ತರದಲ್ಲಿ, ಜಾಸ್ತಿ ವೇಗದಲ್ಲಿ ಬಂದರು. ಸಹ ಪೈಲಟ್ ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದರು. ಕೇಳಲಿಲ್ಲ. ರನ್‌ವೇಯ ಬಹುಭಾಗ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಕೋಯಿಕ್ಕೋಡ್‌ನಲ್ಲಿ 2020ರ ಆಗಸ್ಟ್ 7ರ ಮಳೆಯಲ್ಲೂ ಅಷ್ಟೇ, ಹಿಂದಿನಿಂದ ಬೀಸುವ ಗಾಳಿ, ಬಹಳ ಮುಂದೆ ಹೋಗಿ ಇಳಿದದ್ದು. 190ರಲ್ಲಿ 21 ಜನ ಸತ್ತರು. ಎರಡೂ ಕಡೆ ಗುಡ್ಡ ಅಪಘಾತ ಮಾಡಲಿಲ್ಲ. ಆದರೆ ತಪ್ಪಿಗೆ ಗುಡ್ಡ ಕ್ಷಮೆ ಕೊಡಲಿಲ್ಲ. ಬೇರೆ ಕಡೆ ಕೆಸರಿನಲ್ಲಿ ಸಿಕ್ಕಿ ನಿಲ್ಲುತ್ತಿದ್ದ ವಿಮಾನ ಇಲ್ಲಿ ಕೆಳಗೆ ಬಿತ್ತು.

ಸಪಾಟು ನೆಲದಲ್ಲಿದ್ದರೆ ಸುರಕ್ಷಿತವಾ? ಅದೂ ಅಲ್ಲ. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಜೇಜು ಏರ್‌ನ 737ಕ್ಕೆ ಹಕ್ಕಿಗಳು ಬಡಿದವು. ಪೈಲಟ್ ‘ಮೇ ಡೇ’ ಎಂದು ಅಪಾಯದ ಕರೆ ಕೊಟ್ಟ ನಾಲ್ಕು ನಿಮಿಷಕ್ಕೆ ಚಕ್ರವಿಲ್ಲದೆ ಹೊಟ್ಟೆಯ ಮೇಲೆ ಇಳಿದರು. ವಿಮಾನ ಒಡೆಯದೆ ಜಾರಿಕೊಂಡು ಬಂತು, ವಾರ್ಸಾದಲ್ಲಿ ಆದ ಹಾಗೆ. ಆದರೆ ರನ್‌ವೇ ಮುಗಿದ ಮೇಲೆ, ಆಂಟೆನಾ ನಿಲ್ಲಿಸಲು ಕಟ್ಟಿದ್ದ ಕಾಂಕ್ರೀಟ್ ತುಂಬಿದ ದಿಬ್ಬ ಇತ್ತು. ಅದಕ್ಕೆ ಗುದ್ದಿತು. 181 ಜನರಲ್ಲಿ ಉಳಿದವರು ಇಬ್ಬರು. ನನ್ನ ಕಸುಬಿನಲ್ಲಿ ಅತಿ ಹೆಚ್ಚು ಸಿಟ್ಟು ಬರಿಸಿದ ಚಿತ್ರ ಅದು. ಮಂಗಳೂರಿನಲ್ಲೂ ಕೆಳಗೆ ಬೀಳುವ ಮೊದಲು ರೆಕ್ಕೆ ತಾಗಿದ್ದು ಇಂಥದ್ದೇ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ. ಮುವಾನ್‌ಗಿಂತ ಹದಿನಾಲ್ಕು ವರ್ಷ ಮೊದಲೇ ನಾವು ನೋಡಿದ್ದೆವು.

ರನ್‌ವೇ ಆಚೆ ಏನಿದೆ ಎಂಬುದು ಗುಡ್ಡ, ಬಯಲು ಎಂಬುದಕ್ಕಿಂತ ಮುಖ್ಯ. ಅಂತಾರಾಷ್ಟ್ರೀಯ ನಿಯಮ ಅಲ್ಲಿ ಕನಿಷ್ಠ 90 ಮೀಟರ್ ಖಾಲಿ ಜಾಗ ಇರಲೇಬೇಕು, 240 ಮೀಟರ್ ಇದ್ದರೆ ಒಳ್ಳೆಯದು ಎನ್ನುತ್ತದೆ. ಕೆಲವು ದೇಶಗಳಲ್ಲಿ ರನ್‌ವೇ ತುದಿಗೆ ಪುಡಿಯಾಗುವ ಹಗುರ ಕಾಂಕ್ರೀಟ್ ಹಾಸುತ್ತಾರೆ. ನಾಟಿಗೆ ಹದ ಮಾಡಿದ ಗದ್ದೆಗೆ ಜೀಪು ಇಳಿದರೆ ಹೇಗೆ ಹೂತು ನಿಲ್ಲುತ್ತದೋ ಹಾಗೆ ವಿಮಾನ ನಿಲ್ಲುತ್ತದೆ.

ನಿಮ್ಮ ಆಯ್ಕೆಗಳಿಗೆ ಬರೋಣ. ಕಣ್ಣೂರಿನ ರನ್‌ವೇ 3,050 ಮೀಟರ್, ಮಂಗಳೂರಿನದು 2,450. ಬೆಂಗಳೂರಿನಲ್ಲಿ 4,000 ಮೀಟರಿನ ಎರಡು ರನ್‌ವೇ. ಬರೀ ಅಂಕಿ ನೋಡಿದರೆ ಬೆಂಗಳೂರೇ ಮೇಲು. ಆದರೆ ನಿಮ್ಮ ಮನೆಯಿಂದ ಕಣ್ಣೂರು ನಿಲ್ದಾಣ ಇರುವ ಮಟ್ಟನ್ನೂರಿಗೆ ಅರುವತ್ತು ಕಿಲೋಮೀಟರ್ ಆಸುಪಾಸು, ಎರಡು ಗಂಟೆ. ಬೆಂಗಳೂರು ನಿಲ್ದಾಣಕ್ಕೆ ಆರೇಳು ಗಂಟೆ, ಅದೂ ರಾತ್ರಿ ನಿದ್ದೆಗೆಟ್ಟ ಚಾಲಕನ ಜೊತೆ, 76 ವರ್ಷದವರನ್ನು ಕೂರಿಸಿಕೊಂಡು. ರನ್‌ವೇ ಉದ್ದದಿಂದ ನೀವು ಉಳಿಸಿದ ಅಪಾಯಕ್ಕಿಂತ ಜಾಸ್ತಿ ಅಪಾಯ ರಸ್ತೆಯಲ್ಲಿ ಕೊಳ್ಳುತ್ತೀರಿ. ನಾನಾದರೆ ಕಣ್ಣೂರಿಗೇ ಹೋಗುತ್ತೇನೆ. ನೀವು ಹೋಗುವುದು ಕೊಯ್ಲು ಮುಗಿದ ಮೇಲೆ, ಮಳೆ ಇರುವುದಿಲ್ಲ. ಜೂನ್, ಜುಲೈ ಆಗಿದ್ದರೆ ಹಗಲು ಹೊತ್ತಿನ ವಿಮಾನ ನೋಡಿ ಎನ್ನುತ್ತಿದ್ದೆ. ವಿಮಾನಕ್ಕಷ್ಟೇ ಅಲ್ಲ, ಮಾಕುಟ್ಟದ ಘಾಟಿ ಕುಸಿದು ರಸ್ತೆ ಬಂದ್ ಆಗುವುದಕ್ಕೂ. ಎಲ್ಲಿಂದ ಹೊರಟರೂ ಒಂದು ಮಾತು: ಹವಾಮಾನ ಸರಿಯಿಲ್ಲ ಎಂದು ಪೈಲಟ್ ಇಳಿಸದೆ ಬೇರೆ ಊರಿಗೆ ಹೋದರೆ ಗೊಣಗಬೇಡಿ. ಮಂಗಳೂರಿನ ಆ ಪೈಲಟ್ ಒಂದು ಸಲ ಮತ್ತೆ ಮೇಲೇರಿದ್ದರೆ ಸಾಕಿತ್ತು.

ಹಿಂದಿನ ಸೀಟಿನ ಮಾತು ಅರ್ಧ ಸತ್ಯ. ಮುವಾನ್‌ನಲ್ಲಿ ಉಳಿದ ಇಬ್ಬರೂ ಬಾಲದಲ್ಲಿದ್ದ ಸಿಬ್ಬಂದಿ. ಆದರೆ ಮಾಸ್ಕೋದಲ್ಲಿ ಸುಟ್ಟಿದ್ದು ಹಿಂಬದಿಯೇ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ವಿಮಾನದೊಳಗಿದ್ದ 242 ಜನರಲ್ಲಿ ಉಳಿದ ಒಬ್ಬರು ಕೂತಿದ್ದು 11ಎ, ಮುಂಭಾಗದ ಕಡೆ. ಮುಂದಿನ ಅಪಘಾತ ಹೇಗಿರುತ್ತದೆ ಎಂದು ಗೊತ್ತಿಲ್ಲದೆ ಸೀಟು ಆರಿಸಲು ಆಗುವುದಿಲ್ಲ. ನಾನು ನೋಡುವುದು ಬಾಗಿಲು ಎಷ್ಟು ಹತ್ತಿರ ಅಂತ. ತುರ್ತು ಬಾಗಿಲಿನ ಸಾಲಿನಲ್ಲೇ ವಯಸ್ಸಾದವರನ್ನು, ಮಗು ಇರುವವರನ್ನು ಕೂರಿಸುವುದಿಲ್ಲ. ಅದರ ಹಿಂದೆ ಮುಂದೆ ಎರಡು ಸಾಲು ಕೇಳಿ. ಕೂತ ಮೇಲೆ ಮುಂದಿನ ಬಾಗಿಲಿಗೆ ಎಷ್ಟು ಸೀಟು, ಹಿಂದಿನದಕ್ಕೆ ಎಷ್ಟು ಸೀಟು ಎಂದು ಕೈಯಲ್ಲಿ ಮುಟ್ಟಿ ಎಣಿಸಿ. ಹೊಗೆಯಲ್ಲಿ ಕಣ್ಣು ಕೆಲಸ ಮಾಡುವುದಿಲ್ಲ, ಎಣಿಕೆ ಮಾಡುತ್ತದೆ. ಬೆಲ್ಟನ್ನೂ ಎರಡು ಮೂರು ಸಲ ಹಾಕಿ ಬಿಚ್ಚಿ ನೋಡಿ. ಕಾರಿನದು ಒತ್ತಿದರೆ ಬಿಚ್ಚುತ್ತದೆ, ವಿಮಾನದ್ದು ಪಟ್ಟಿ ಎತ್ತಿದರೆ. ಗಾಬರಿಯಲ್ಲಿ ಕೈ ಹಳೇ ಅಭ್ಯಾಸಕ್ಕೆ ಹೋಗಿ ಬದಿಯಲ್ಲಿ ಇಲ್ಲದ ಗುಂಡಿ ಹುಡುಕುತ್ತದೆ.

ಮಗುವಿನ ಬಗ್ಗೆ ಮಗಳಿಗೆ ಇದನ್ನು ಓದಿ ಹೇಳಿ. ಎರಡು ವರ್ಷದೊಳಗಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಬಿಡುತ್ತಾರೆ. 1989ರ ಜುಲೈ 19ರಂದು ಅಮೆರಿಕದ ಸಿಯೂ ಸಿಟಿಯಲ್ಲಿ ಹೈಡ್ರಾಲಿಕ್ ಪೂರ್ತಿ ಕಳೆದುಕೊಂಡ ಡಿಸಿ-10 ಒಂದನ್ನು ಪೈಲಟ್‌ಗಳು ಬರೀ ಎಂಜಿನ್ ಹೆಚ್ಚು ಕಡಿಮೆ ಮಾಡುತ್ತಾ ರನ್‌ವೇವರೆಗೆ ತಂದರು. ತುಂಡಾಗಿ ಉರುಳಿತು. ಆದರೂ 296ರಲ್ಲಿ 184 ಜನ ಬದುಕಿದರು. ಅದರಲ್ಲಿ ತೊಡೆ ಮೇಲಿನ ಮಕ್ಕಳು ನಾಲ್ಕು. ಆಗಿನ ನಿಯಮದಂತೆ ಅವನ್ನು ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಿ ಎಂದು ಗಗನಸಖಿ ಹೇಳಿದ್ದರು. ಒಂದು ಮಗು ಸತ್ತಿತು. ಮಕ್ಕಳಿಗೂ ಬೇರೆ ಸೀಟು ಬೇಕು ಎಂದು ಆಕೆ ಆಮೇಲೆ ವರ್ಷಗಟ್ಟಲೆ ಹೋರಾಡಿದರು. ಕೈಲಾದರೆ ಮಗುವಿಗೂ ಒಂದು ಟಿಕೆಟ್ ತೆಗೆದು, ವಿಮಾನಕ್ಕೆ ಒಪ್ಪಿಗೆ ಇರುವ ಮಕ್ಕಳ ಸೀಟು ಒಯ್ಯಲಿ, ಯಾವುದು ಆಗುತ್ತದೆ ಎಂದು ಕಂಪನಿಯನ್ನು ಮೊದಲೇ ಕೇಳಲಿ. ಖರ್ಚು ಜಾಸ್ತಿ, ನಿಜ. ಆಗದಿದ್ದರೆ ಸಿಬ್ಬಂದಿ ಕೊಡುವ ಮಗುವಿನ ಬೆಲ್ಟ್ ಹಾಕಲೇಬೇಕು. ತನ್ನ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಕಟ್ಟಬಾರದು, ಪೆಟ್ಟು ಬಿದ್ದರೆ ತಾಯಿಯ ಮೈಭಾರವೇ ಮಗುವನ್ನು ಹಿಸುಕುತ್ತದೆ.

ನಿದ್ದೆ ಬಾರದಿರುವುದನ್ನು ಸಣ್ಣದು ಮಾಡಬೇಡಿ. ವರ್ಷ ಆದರೂ ಸದ್ದು ಕೇಳಿಸುತ್ತಿದೆ ಅಂದರೆ ಅದು ಹೇಡಿತನ ಅಲ್ಲ. ನಿಮ್ಮ ವೈದ್ಯರಿಗೆ ಹೇಳಿ, ಅಥವಾ ಸರ್ಕಾರದ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಂದಹಾಗೆ ಚಕ್ರ ಒಳಗೆ ಹೋಗಿ ಬಾಗಿಲು ಮುಚ್ಚುವಾಗ ಪ್ರತಿ ವಿಮಾನದಲ್ಲೂ ಕಾಲ ಕೆಳಗೆ ದಡ್ ಅನ್ನುತ್ತದೆ. ಈ ಸಲವೂ ಕೇಳಿಸುತ್ತದೆ. ಮೊದಲೇ ಗೊತ್ತಿರಲಿ.

ಅತ್ತೆಯವರಿಗೆ ಗಾಲಿಕುರ್ಚಿ ಟಿಕೆಟ್ ಮಾಡುವಾಗಲೇ ಕೇಳಿ. ಕಾಲಿಗೆ ಜಾರದ, ಪಟ್ಟಿ ಇರುವ ಚಪ್ಪಲಿ ಅಥವಾ ಶೂ. ಬಟ್ಟೆ ಹತ್ತಿಯದಾದರೆ ಒಳ್ಳೆಯದು, ನೈಲಾನ್ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಅವರು ನಮ್ಮ ಕಡೆಯ ಹಾಗೆ ಹಿಂದೆ ನೆರಿಗೆ ಹಾಕಿ ಸೀರೆ ಉಡುವವರಾದರೆ ಮೆಟ್ಟಿಲಿಗೆ ತೊಂದರೆ ಇಲ್ಲ. ಆದರೆ ತುರ್ತು ಬಾಗಿಲಿನ ಜಾರುಬಂಡಿಯಲ್ಲಿ ಕೂತು ಜಾರುವುದಲ್ಲ, ನಿಂತಲ್ಲಿಂದ ಹಾರಬೇಕು, ಅದಕ್ಕೆ ಚೂಡಿದಾರವೇ ವಾಸಿ. ಇದನ್ನು ಅವರಿಗೆ ನೀವೇ ಹೇಳಬೇಕು. ನಾನು ನನ್ನ ಅಮ್ಮನಿಗೆ ಹೇಳಿ ಸೋತವನು.